ವಲ್ಲಿಯ ಕೆಳಗಿನ ಮಾತು

ಧಾರವಾಡ
೧೮-೪-೨೦೨೫

ಅತ್ತೆಯವರಿಗೆ ಶಿವಲೀಲಾ ಮಾಡುವ ಶರಣು.

ಈ ಕಾಗದವನ್ನು ಭುವನಾಳ ಬ್ಯಾಗಿನಲ್ಲಿ ಬಟ್ಟೆಗಳ ಮೇಲೆಯೇ ಇಡುತ್ತಿದ್ದೇನೆ. ನಾಳೆ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ನಿಮ್ಮ ಕೈಗೆ ಒಪ್ಪಿಸುವಾಗ ಇಷ್ಟೆಲ್ಲ ಹೇಳಲು ಆಗುವುದಿಲ್ಲ, ನನಗೆ ಗೊತ್ತು. ಯುಗಾದಿ ದಿನ ಫೋನಿನಲ್ಲಿ ಆದದ್ದು ಮತ್ತೆ ಆಗುವುದು ಬೇಡ. "ನನ್ನ ಮಗನ ಕೂಸನ್ನ ದೂರ ಇಟ್ಕಂಡು ಕುಂತೀ" ಎಂದಿರಿ, ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ವಾರವೆಲ್ಲ ವಾರ್ಡಿನಲ್ಲಿ ಯಾರಿಗೆ ಇಂಜೆಕ್ಷನ್ ಕೊಡುತ್ತಿದ್ದರೂ ಆ ಮಾತೇ ಕಿವಿಯಲ್ಲಿತ್ತು. ಭಾನುವಾರ ಭಾನುವಾರ ಭುವನಾ ನನ್ನ ಜೊತೆ ಫೋನಿನಲ್ಲಿ ಮಾತಾಡಲಿ. ನಾವಿಬ್ಬರು ಕಾಗದದಲ್ಲೇ ಮಾತಾಡೋಣ. ಕಾಗದದಲ್ಲಿ ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಲು ಬರುವುದಿಲ್ಲ.

ಅವಳು ಹಾಲು ಕುಡಿಯುವುದಿಲ್ಲ, ಒತ್ತಾಯ ಮಾಡಬೇಡಿ. ಧೂಳಿಗೆ ಕೆಮ್ಮು ಬರುತ್ತದೆ, ಔಷಧಿ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ. ಎಂಟು ವರ್ಷವಾದರೂ ಬಾತ್‌ರೂಮಿಗೆ ಹೋದಾಗ ಹೊರಗೆ ಒಬ್ಬರು ನಿಂತು ಮಾತಾಡುತ್ತಿರಬೇಕು. ಏನು ಮಾತಾಡಿದರೂ ಆದೀತು, ದನಿ ಕೇಳಿಸಿದರೆ ಸಾಕು.

ಸೋಮೇಶ ತೀರಿಹೋದ ಮೇಲೆ ಈ ನಾಲ್ಕು ವರ್ಷದಲ್ಲಿ ಅವಳನ್ನು ನಿಮ್ಮಲ್ಲಿ ಎರಡು ದಿನಕ್ಕಿಂತ ಹೆಚ್ಚು ಬಿಟ್ಟಿಲ್ಲ, ಈಗ ಯಾಕೆ ನಲವತ್ತು ದಿನ ಎಂದು ಕೇಳುತ್ತೀರಿ. ವಾರ್ಡಿನಲ್ಲಿ ನರ್ಸುಗಳು ಕಡಿಮೆ, ನನಗೆ ಡ್ಯೂಟಿ ಜಾಸ್ತಿ. ಅಷ್ಟೇ ಕಾರಣ. ಮೇ ಇಪ್ಪತ್ತೊಂಬತ್ತಕ್ಕೆ ಅವಳ ಶಾಲೆ ಶುರು. ಇಪ್ಪತ್ತೆಂಟಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಮಾವನವರಿಗೆ ಸಂಕ್ರಾಂತಿ ಹೊತ್ತಿಗೆ ಸ್ವಲ್ಪ ನಿಶ್ಶಕ್ತಿ ಎಂದಿದ್ದಿರಿ. ಈಗ ಸುಧಾರಿಸಿರಬೇಕು.

ಶಿವಲೀಲಾ


ಆದೋನಿ
೨೪-೪-೨೦೨೫

ಶಿವಲೀಲಾಳಿಗೆ ಪಂಪಮ್ಮ ಬರೆಯುವುದು.

ನಿನ್ನ ಕಾಗದ ಬಟ್ಟೆಗಳ ಮೇಲೆ ಇರಲಿಲ್ಲ, ಚಕ್ಕುಲಿ ಡಬ್ಬಿಯ ಕೆಳಗಿತ್ತು. ಬಸ್ಸು ಆಲೂರು ದಾಟುವುದರೊಳಗೆ ನಿನ್ನ ಮಗಳು ಅರ್ಧ ಡಬ್ಬಿ ಖಾಲಿ ಮಾಡಿದ್ದಳು. ಬಳ್ಳಾರಿಯಲ್ಲಿ ನಿನಗೆ ಊಟ ಆಯಿತೇ ಎಂದು ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ನೀನು ಹುಬ್ಬಳ್ಳಿ ಬಸ್ಸಿನ ಕಡೆ ತಿರುಗಿಬಿಟ್ಟಿದ್ದೆ. ಬಹಳ ತೆಳ್ಳಗಾಗಿದ್ದೀ.

ನಮ್ಮ ಮನೆ ನಿನಗೆ ಗೊತ್ತಿರುವುದೇ. ಊರ ಹೊರಗೆ ಎಮ್ಮಿಗನೂರು ರಸ್ತೆಯ ಲೇಔಟಿನಲ್ಲಿ ನಾಲ್ಕು ಮನೆ, ಮಿಕ್ಕಿದ್ದೆಲ್ಲ ಕಲ್ಲು ನೆಟ್ಟ ಪ್ಲಾಟು ಮತ್ತು ಜಾಲಿ. ಇಲ್ಲಿ ಮಗುವಿಗೆ ನೋಡಲಿಕ್ಕೆ ಏನಿದೆ ಅಂತ ನಾನು ಹೆದರಿದ್ದೆ. ಅವಳಿಗೆ ಎಲ್ಲವೂ ಮಾಯೆಯಾಗಿ ಕಾಣುತ್ತದೆ. ಸಂಜೆ ಗಾಳಿ ಬಿಟ್ಟರೆ ಜಿನ್ನಿಂಗ್ ಮಿಲ್ಲಿನಿಂದ ಹತ್ತಿಯ ಎಳೆ ಹಾರಿಬಂದು ಮಾಳಿಗೆ, ತಂತಿ, ಮುಳ್ಳು ಎಲ್ಲದರ ಮೇಲೂ ಕೂರುತ್ತದಲ್ಲ, ಹದಿನೈದು ವರ್ಷದಿಂದ ನಾನು ಅದನ್ನು ಬೈದುಕೊಂಡು ಗುಡಿಸಿದ್ದೇನೆ. ಅವಳು ನೋಡಿ "ಅಜ್ಜಿ, ಜಾಲಿಗಿಡಕ್ಕ ಗಡ್ಡ ಬಂದೈತಿ" ಅಂದಳು. ಈಗ ದಿನಾ ಸಂಜೆ ಗಿಡಗಳಿಗೆ ಕ್ಷೌರ ಮಾಡಲು ಹೋಗುತ್ತಾಳೆ.

ನಲ್ಲಿಯಲ್ಲಿ ನೀರು ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ. ನಿನ್ನ ಮಾವನವರು ಮಂಚದ ಮೇಲೆ ಕೂತಲ್ಲೇ ಒಂದು ಬೆರಳು ಎತ್ತುತ್ತಾರೆ, ನಿಮಿಷದೊಳಗೆ ನಲ್ಲಿ ಬುಸುಗುಟ್ಟುತ್ತದೆ. ಪೈಪು ಅವರ ಬೆನ್ನ ಹಿಂದಿನ ಗೋಡೆಯಲ್ಲೇ ಹೋಗಿದೆ, ಅವರಿಗೆ ಮೊದಲು ಗೊತ್ತಾಗುತ್ತದೆ. ನಾನು ಇದನ್ನು ಅವಳಿಗೆ ಹೇಳಿಲ್ಲ. ತಾತ ನೀರನ್ನು ಕರೆಯುತ್ತಾನೆ ಎಂದು ಪಕ್ಕದ ಮನೆಯ ದಸ್ತಗಿರಮ್ಮನಿಗೆ ಹೇಳಿಬಂದಿದ್ದಾಳೆ. ಆಕೆಯೂ ಕಡಿಮೆಯಿಲ್ಲ, ಬಾಗಿಲಲ್ಲಿ ಕೊಡ ಹಿಡಿದು ನಿಂತು, ಅಣ್ಣಾ ಈ ಹೊತ್ತು ನಮ್ಮ ಮನೆಗೂ ಸ್ವಲ್ಪ ಕರೆಯಿರಿ ಎಂದು ಬೇಡಿಕೊಂಡಳು.

ಮಾವನವರು ಚೆನ್ನಾಗಿದ್ದಾರೆ. ಮಾತು ಸ್ವಲ್ಪ ಕಡಿಮೆ ಮಾಡಿದ್ದಾರೆ. ಹತ್ತಿ ವ್ಯಾಪಾರದ ಕಾಲದ ಕೆಂಪಂಚಿನ ವಲ್ಲಿ ಈಗಲೂ ಹೆಗಲ ಮೇಲಿದೆ. ನೀನು ಸೊಸೆಯಾಗಿ ಬರುವ ಹೊತ್ತಿಗೆ ಮಾರ್ಕೆಟ್ಟು ಕಂಪ್ಯೂಟರಿಗೆ ಹೋಗಿತ್ತು, ನೀನು ನೋಡಿಲ್ಲ. ಮೊದಲು ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ವಲ್ಲಿಯ ಕೆಳಗೆ ಕೈ ಕೂಡಿಸಿ, ಒಬ್ಬರ ಬೆರಳು ಒಬ್ಬರು ಒತ್ತಿ ಸೌದಾ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಅದನ್ನು ಈಗ ಮೊಮ್ಮಗಳಿಗೆ ಕಲಿಸಿದ್ದಾರೆ. ಒಂದು ಬೆರಳು ಒತ್ತಿದರೆ ನೀರು, ಎರಡು ಒತ್ತಿದರೆ ಕಾಫಿ, ಮೂರು ಒತ್ತಿದರೆ ಅಜ್ಜಿಯನ್ನು ಕರಿ ಎಂದು ಅವಳೇ ಪಟ್ಟಿ ಮಾಡಿದ್ದಾಳೆ. ದಿನವೆಲ್ಲ ಇಬ್ಬರೂ ಅದೇ ಆಟದಲ್ಲಿರುತ್ತಾರೆ.

ನಾನೂ ಚೆನ್ನಾಗಿದ್ದೇನೆ. ಬಿಸಿಲಿಗೆ ಸ್ವಲ್ಪ ಸುಸ್ತು.

ಪಂಪಮ್ಮ


ಧಾರವಾಡ
೩೦-೪-೨೦೨೫

ಅತ್ತೆಯವರಿಗೆ ಶರಣು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಜಾಲಿಗಿಡಕ್ಕೆ ಕ್ಷೌರ ಮಾಡುವವಳು ಇಲ್ಲಿ ಮೂರನೇ ಮಹಡಿಯಲ್ಲಿ ಕಿಟಕಿಗೆ ಮುಖ ಒತ್ತಿ ಕೂತಿರುತ್ತಿದ್ದಳು ಎಂಬುದು ನೆನಪಾಯಿತು.

ಒಂದು ಸತ್ಯ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅವಳನ್ನು ಕಳಿಸಿದ ಮೊದಲ ನಾಲ್ಕು ದಿನ ಡ್ಯೂಟಿಯಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಮಲಗಿಬಿಟ್ಟೆ. ಯಾರಿಗೂ ಅಡುಗೆ ಮಾಡಬೇಕಿಲ್ಲ, ಯಾರ ಹೋಂವರ್ಕೂ ಇಲ್ಲ. ನಾಲ್ಕು ವರ್ಷದಿಂದ ಇಷ್ಟು ದಣಿದಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಸ್ವಲ್ಪ ಉಸಿರಾಡಿದ ಹಾಗಾಗಿದೆ. ಹೋದ ಭಾನುವಾರ ಫೋನಿನಲ್ಲಿ ಅವಳು ಇಲ್ಲೇ ಇದ್ದುಬಿಡುತ್ತೇನೆ ಎಂದಳು. ಇರು ಎಂದೆ.

ಮಾವನವರಿಗೆ ಫೋನ್ ಕೊಡು ಎಂದರೆ ಎರಡು ಸಲವೂ "ತಾತ ಹೊರಗ ಹೋಗ್ಯಾನ" ಎನ್ನುತ್ತಾಳೆ. ಈ ಬಿಸಿಲಿನಲ್ಲಿ ಅವರನ್ನು ಹೊರಗೆ ಯಾಕೆ ಬಿಡುತ್ತೀರಿ?

ಬಂದಾಗ ನಿಮಗೆ ಒಂದು ವಿಷಯ ಹೇಳುವುದಿದೆ. ಕಾಗದದಲ್ಲಿ ಬೇಡ, ಎದುರು ಕೂತು ಹೇಳುತ್ತೇನೆ.

ಶಿವಲೀಲಾ


ಆದೋನಿ
೭-೫-೨೦೨೫

ಶಿವಲೀಲಾಳಿಗೆ,

ವಿಷಯವಿದೆ, ಆದರೆ ಹೇಳುವುದಿಲ್ಲ ಎಂದು ಬರೆದರೆ ಓದಿದವರು ಊಟ ಹೇಗೆ ಮಾಡಬೇಕು? ಹೇಳುವ ಹಾಗಿದ್ದರೆ ಹೇಳು, ಇಲ್ಲದಿದ್ದರೆ ಆ ಸಾಲನ್ನೇ ಬರೆಯಬೇಡ. ನನಗೂ ಊಹೆ ಮಾಡಲು ಬರುತ್ತದೆ.

ಭುವನಾ ದಸ್ತಗಿರಮ್ಮನ ಮೊಮ್ಮಕ್ಕಳ ಜೊತೆ ಸೇರಿ ತೆಲುಗು ಕಲಿತಿದ್ದಾಳೆ. ಹಸಿವಾದರೆ "ಅಜ್ಜೀ, ಆಕಲಿ" ಎಂದು ಬರುತ್ತಾಳೆ. ಪಾಯ ತೆಗೆದು ಬಿಟ್ಟ ಪ್ಲಾಟುಗಳೆಲ್ಲ ಇವರ ರಾಜ್ಯ. ಒಂದು ಪ್ಲಾಟು ಅಡುಗೆಮನೆ, ಇನ್ನೊಂದು ಆಸ್ಪತ್ರೆ, ಅದರಲ್ಲಿ ಅವಳು ನರ್ಸಮ್ಮ. ಕೆಮ್ಮು ಬಂದಿಲ್ಲ. ಬಾತ್‌ರೂಮಿನ ಹೊರಗೆ ನಿಂತು ನಾನು ಏನು ಮಾತಾಡಲಿ, ನಿನ್ನ ಗಂಡ ಸಣ್ಣವನಿದ್ದಾಗ ಮಾಡಿದ್ದನ್ನೆಲ್ಲ ಹೇಳುತ್ತೇನೆ. ಒಳಗಿಂದ ಆಮೇಲೆ ಆಮೇಲೆ ಎಂದು ಕೇಳುತ್ತಾಳೆ. ಹೇಳುತ್ತ ಹೇಳುತ್ತ ನನಗೇ ಮುಂದೆ ಹೇಳಲು ಆಗದಿದ್ದರೆ ಬಕೆಟ್ಟು ಬಡಿದು ಸದ್ದು ಮಾಡುತ್ತೇನೆ.

ಸಂಜೆ ಜಂಬಪ್ಪ ಬರುತ್ತಾನೆ, ಮೊದಲು ನಮ್ಮ ಅಂಗಡಿಯಲ್ಲಿ ಹತ್ತಿ ತೂಗುತ್ತಿದ್ದವನು. ಅವನು ಅವಳಿಗೆ ಮಾರ್ಕೆಟ್ಟಿನ ಕಟ್ಟಳೆಗಳನ್ನು ಹೇಳಿಕೊಟ್ಟಿದ್ದಾನೆ. ವಲ್ಲಿಯ ಕೆಳಗೆ ಆದ ಮಾತನ್ನು ಸೌದಾ ಮಾಡಿದವರೇ ಬಿಚ್ಚಬೇಕು, ಬೇರೆಯವರು ಕೇಳಬಾರದು. ದೊಡ್ಡವರು ಮೊದಲು ಬಿಚ್ಚಬೇಕು. ಒಮ್ಮೆ ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆಯಬಾರದು. ಇದನ್ನು ಕೇಳಿದಾಗಿನಿಂದ ಇವಳು ಏನಾದರೂ ಗುಟ್ಟು ಹೇಳಬೇಕಿದ್ದರೆ ವಲ್ಲಿಯನ್ನು ತನ್ನ ತಲೆಗೂ ತಾತನ ತಲೆಗೂ ಹೊದಿಸಿ ಪಿಸುಗುಟ್ಟುತ್ತಾಳೆ. ಹೊದ್ದು ಹೇಳಿದರೆ ಅದು ಹೇಳಿದ ಹಾಗಲ್ಲವಂತೆ. ಮೊನ್ನೆ ಬಹಳ ಹೊತ್ತು ಪಿಸುಗುಟ್ಟಿದಳು. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವು. ಸೆಖೆಗಿರಬೇಕು ಅಂದುಕೊಂಡೆ.

ಅವಳು ಬಂದ ಮೇಲೆ ಈ ಮನೆಯಲ್ಲಿ ನನಗೆ ಮಧ್ಯಾಹ್ನ ಒಂದು ಗಂಟೆ ನಿದ್ದೆ ಸಿಗುತ್ತಿದೆ. ಅದನ್ನು ಇಲ್ಲಿ ಯಾಕೆ ಬರೆದೆನೋ ಗೊತ್ತಿಲ್ಲ.

ಪಂಪಮ್ಮ


ಆದೋನಿ
೧೫-೫-೨೦೨೫

ಶಿವಲೀಲಾಳಿಗೆ,

ನೀನು ಹೇಳುವುದಿಲ್ಲವೆಂದರೆ ನಾನೇ ಹೇಳುತ್ತೇನೆ. ನೀನು ಕುವೈತಿಗೆ ಹೊರಟಿದ್ದೀ. ದಸ್ತಗಿರಮ್ಮನ ಮಗಳೂ ಹೀಗೇ ಮಾಡಿದಳು. ರಜೆಗೆ ಅಂತ ಇಬ್ಬರು ಮಕ್ಕಳನ್ನು ತಾಯಿಯ ಮನೆಯಲ್ಲಿ ಬಿಟ್ಟಳು, ಬಂದು ಒಂದು ವಿಷಯ ಹೇಳುತ್ತೇನೆ ಅಂದಳು, ಆಮೇಲೆ ವಿಮಾನ ಹತ್ತಿದ ಫೋಟೋ ಬಂತು. ನಿನಗೆ ಉಸಿರಾಡಿದ ಹಾಗಾಗಿದೆ ಅಂತ ಬರೆದೆಯಲ್ಲ, ಆಗಲೇ ತಿಳಿಯಿತು. ನಾನು ಬೈಯುವುದಿಲ್ಲ. ವಯಸ್ಸಿದೆ, ನೌಕರಿ ಇದೆ, ಹೋಗು. ಮಗುವನ್ನು ನಾವು ನೋಡಿಕೊಳ್ಳುತ್ತೇವೆ.

ಇಲ್ಲಿ ಎರಡು ಬೀದಿ ದಾಟಿದರೆ ಒಂದು ಶಾಲೆಯಿದೆ. ನಿನ್ನೆ ಹೋಗಿ ಅರ್ಜಿ ತಂದಿದ್ದೇನೆ. ಕನ್ನಡ ಓದಿದ ಮಗುವಿಗೆ ತೆಲುಗು ಒಂದು ವರ್ಷದಲ್ಲಿ ಬರುತ್ತದೆ ಎಂದು ಅಲ್ಲಿನ ಮೇಡಂ ಹೇಳಿದರು. ನಿನ್ನ ಸಹಿಯೊಂದು ಬೇಕು. ಅರ್ಜಿಯನ್ನು ಇದರೊಳಗೆ ಇಟ್ಟಿದ್ದೇನೆ.

ಇದು ನನ್ನೊಬ್ಬಳ ಆಸೆ ಅಂದುಕೊಳ್ಳಬೇಡ. ಸೋಮವಾರ ತಾತ ಮೊಮ್ಮಗಳು ವಲ್ಲಿಯ ಕೆಳಗೆ ಕೈ ಕೂಡಿಸಿ ಕೂತಿದ್ದರು. ನಾನು ಅಕ್ಕಿ ಆರಿಸುತ್ತ ಬಾಗಿಲಿನಿಂದ ನೋಡುತ್ತಿದ್ದೆ. ಅವಳು ಬೇಡಿಕೊಳ್ಳುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ, ಇವರು ಒತ್ತುತ್ತಾರೆ, ಮತ್ತೆ ಅವಳು. ಮಾರ್ಕೆಟ್ಟಿನಲ್ಲಿ ದೊಡ್ಡ ರಾಶಿಗೆ ಆಗುವಷ್ಟು ಹೊತ್ತು ಆಯಿತು. ಕಡೆಗೆ ಇವರು "ಆತು" ಅಂದರು, ಅವಳು ಕೈ ಕುಲುಕಿದಳು. ಏನೇ ಅದು ಅಂದರೆ "ತಾತನ ಕೂಡ ಸೌದಾ ಆಗೈತಿ, ನಾನು ಇರೋದರ ಸೌದಾ. ಬಿಚ್ಚಂಗಿಲ್ಲ" ಅಂದಳು. ಇರೋದರ ಸೌದಾ ಅಂದ ಮೇಲೆ ಬಿಚ್ಚುವುದಕ್ಕೆ ಇನ್ನೇನಿದೆ? ಇಲ್ಲೇ ಇರುತ್ತೇನೆ ಅಂತ ನಿನ್ನ ಮಗಳು ತಾತನಿಗೆ ಕೈ ಕೊಟ್ಟಿದ್ದಾಳೆ. ಈ ಮನೆತನದಲ್ಲಿ ವಲ್ಲಿಯ ಕೆಳಗೆ ಕೊಟ್ಟ ಕೈಯನ್ನು ಮೂರು ತಲೆಮಾರಿನಿಂದ ಯಾರೂ ಹಿಂದೆ ತೆಗೆದಿಲ್ಲ. ನೀನೂ ತೆಗೆಸಬೇಡ.

ಪಂಪಮ್ಮ


ಧಾರವಾಡ
೧೫-೫-೨೦೨೫

ಅತ್ತೆಯವರಿಗೆ ಶರಣು.

ನೀವು ಬೈದದ್ದು ಸರಿ. ಎದುರು ಕೂತು ಹೇಳುವ ಧೈರ್ಯ ನನಗೆ ಅಲ್ಲಿಯೂ ಬರುವುದಿಲ್ಲ, ಆದ್ದರಿಂದ ಇಲ್ಲೇ ಹೇಳುತ್ತೇನೆ. ಜೂನ್ ಎರಡರಂದು ನಾನು ಮದುವೆಯಾಗುತ್ತಿದ್ದೇನೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ, ಅಷ್ಟೇ.

ಅವರ ಹೆಸರು ಜಗದೀಶ. ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದಾರೆ. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ನಮ್ಮವರಲ್ಲ, ಲಿಂಗ ಕಟ್ಟುವವರಲ್ಲ. ಇದನ್ನೂ ಮುಚ್ಚಿಡುವುದಿಲ್ಲ. ಭುವನಾ ಬಾತ್‌ರೂಮಿಗೆ ಹೋದಾಗ ಹೊರಗೆ ನಿಂತು ಮಾತಾಡಬೇಕೆಂಬುದನ್ನು ಯಾರೂ ಹೇಳಿಕೊಡದೆ ಕಲಿತರು. ಅವರಿಗೆ ಕಥೆ ಬರುವುದಿಲ್ಲ, ರೈಲುಗಳ ಹೆಸರನ್ನೂ ವೇಳೆಯನ್ನೂ ಗಟ್ಟಿಯಾಗಿ ಓದುತ್ತಾರೆ. ಅದನ್ನು ನೋಡಿದ ದಿನ ನಾನು ಒಪ್ಪಿದೆ.

ಸೋಮೇಶನನ್ನು ಮರೆತೆ ಎಂದುಕೊಳ್ಳುತ್ತೀರಿ. ಮರೆತಿಲ್ಲ. ಒಬ್ಬಳೇ ಎಲ್ಲವನ್ನೂ ಹೊತ್ತು ಸಾಕಾಗಿದೆ, ಅತ್ತೆ. ಜ್ವರ ಬಂದಾಗ ನನಗೊಂದು ಲೋಟ ನೀರು ಕೊಡುವವರು ಬೇಕೆನಿಸಿತು.

ಯುಗಾದಿಗಿಂತ ಮೊದಲೇ ಭುವನಾಳಿಗೆ ಹೇಳಿದ್ದೇನೆ. ನಾನೇ ಹೇಳುವ ತನಕ ಅಜ್ಜಿಗೆ ತಾತನಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದೇನೆ. ಎಂಟು ವರ್ಷದವಳ ತಲೆಯ ಮೇಲೆ ಅದನ್ನು ಹೊರಿಸಿದ್ದು ತಪ್ಪು. ಇಷ್ಟು ದಿನ ಅವಳು ಬಾಯಿಬಿಟ್ಟಿಲ್ಲವೆಂದರೆ ನನಗೆ ಹೆಮ್ಮೆಯಾಗಬೇಕೋ ನಾಚಿಕೆಯಾಗಬೇಕೋ ತಿಳಿಯದು.

ನೀವು ಆಶೀರ್ವಾದ ಮಾಡಿ ಎಂದು ಕೇಳುವುದಿಲ್ಲ. ಈ ಮದುವೆಯಿಂದ ಅವಳಿಗೆ ನಿಮ್ಮ ಮನೆಯ ಬಾಗಿಲು ಮುಚ್ಚದಿರಲಿ, ಅಷ್ಟು ಕೇಳುತ್ತೇನೆ.

ಶಿವಲೀಲಾ


ಧಾರವಾಡ
೨೦-೫-೨೦೨೫

ಅತ್ತೆಯವರಿಗೆ,

ನನ್ನ ಕಾಗದವೂ ನಿಮ್ಮದೂ ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. ನೀವು ಕಳಿಸಿದ ಅರ್ಜಿಯನ್ನು ಹರಿದು ಹಾಕಿದ್ದೇನೆ.

ಕುವೈತಿಗೆ ಹೋಗಲು ನನಗೆ ಪಾಸ್‌ಪೋರ್ಟೇ ಇಲ್ಲ. ನಾಲ್ಕು ದಿನ ನಿದ್ದೆ ಮಾಡಿದೆ ಎಂದು ನಿಮ್ಮನ್ನು ನಂಬಿ ಬರೆದರೆ, ಮಗಳನ್ನು ಬಿಟ್ಟು ಓಡುವವಳು ಎಂದು ಓದಿದಿರಿ. ನಲವತ್ತು ದಿನಕ್ಕೆ ಕಳಿಸಿದ ಮಗುವಿನ ಕೈ ಹಿಡಿದು ಅವಳ ಬದುಕನ್ನೇ ಬರೆಸಿಕೊಳ್ಳುವುದು ನ್ಯಾಯವೇ? ಆಟದಲ್ಲಿ ಕೊಟ್ಟ ಕೈಗೆ ಮೂರು ತಲೆಮಾರಿನ ಮರ್ಯಾದೆ ಕಟ್ಟುತ್ತೀರಿ. ಅವಳು ಹತ್ತಿಯ ರಾಶಿಯಲ್ಲ.

ಮೊನ್ನೆ ಭಾನುವಾರ ಆ ಸೌದಾ ಏನೆಂದು ಅವಳನ್ನು ಫೋನಿನಲ್ಲಿ ಕೇಳಿದೆ, ಹೇಳಬಾರದು ಎಂದು ಅತ್ತಳು. ಮಾವನವರೇ ನನಗೆ ಫೋನ್ ಮಾಡಲಿ. ಅವರ ಮಾತನ್ನು ನಾನು ಎಂದೂ ಮೀರಿಲ್ಲ, ಸೋಮೇಶ ಹೋದ ದಿನವೂ ಮೀರಲಿಲ್ಲ. ಭುವನಾ ಆದೋನಿಯಲ್ಲಿ ಇರಬೇಕು ಎಂದು ಅವರ ಬಾಯಿಂದ ಬರಲಿ, ಆಗ ಮಾತಾಡುತ್ತೇನೆ. ಇಲ್ಲದಿದ್ದರೆ ಇಪ್ಪತ್ತೆಂಟಕ್ಕೆ ನಾನೂ ಜಗದೀಶರೂ ಬರುತ್ತೇವೆ. ಅವಳ ಬ್ಯಾಗು ತಯಾರಾಗಿರಲಿ.

ಶಿವಲೀಲಾ


ಆದೋನಿ
೨೪-೫-೨೦೨೫

ಶಿವಲೀಲಾ,

ನಿನ್ನ ಎರಡು ಕಾಗದವೂ ಮುಂದಿವೆ. ಮೊದಲನೆಯದನ್ನು ಓದಿ ಎರಡು ದಿನ ಒಲೆ ಹಚ್ಚಲು ಮನಸ್ಸು ಬರಲಿಲ್ಲ. ನನ್ನ ಮಗ ಕೂತ ಜಾಗದಲ್ಲಿ ಇನ್ನೊಬ್ಬ ಕೂರುತ್ತಾನೆ ಎಂದು ಸಿಟ್ಟು ಬಂತು, ನಿನ್ನ ಮೇಲೆ, ಅವನ ಮೇಲೆ, ಸತ್ತ ಮಗನ ಮೇಲೆ ಕೂಡ. ಅದನ್ನು ಬಚ್ಚಿಟ್ಟು ಒಳ್ಳೆಯವಳಾಗುವ ವಯಸ್ಸು ನನಗಿಲ್ಲ.

ಮಾವನವರೇ ಮಾತಾಡಲಿ ಎಂದೆಯಲ್ಲ. ಅವರು ಮಾತಾಡಲಾರರು. ಸಂಕ್ರಾಂತಿಯ ಮರುವಾರ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ನಾಲಿಗೆ ಹೋಯಿತು. ಕರ್ನೂಲಿನಲ್ಲಿ ಇಪ್ಪತ್ತು ದಿನ ಇದ್ದೆವು. ಒಂದೇ ಒಂದು ಮಾತು ಉಳಿದಿದೆ, ಆತು. ನೀರು ಬೇಕಾದರೂ ಆತು, ನೋವಾದರೂ ಆತು. ನ್ಯೂಸಿನಲ್ಲಿ ಯುದ್ಧ ತೋರಿಸಿದರೂ ಅದೇ. ನಿನಗೆ ಹೇಳಲಿಲ್ಲ. ಹೇಳಿದರೆ ರೋಗಿಯ ಮನೆಗೆ ಮಗುವನ್ನು ಕಳಿಸುವುದಿಲ್ಲ ಅಂದುಕೊಂಡೆ. ಮಗುವಿಗೂ ಫೋನಿನಲ್ಲಿ ಹೇಳಬೇಡ ಅಂತ ಕಲಿಸಿದೆ. ನೀನು ಒಂದು ಹೊರೆ ಹೊರಿಸಿ ಕಳಿಸಿದ್ದೆ, ನಾನು ಇನ್ನೊಂದು ಹೊರಿಸಿದೆ.

ಮೂರು ತಿಂಗಳು ಅವರಿಗೆ ಏನು ಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಇವಳು ಬಂದ ನಾಲ್ಕನೇ ದಿನ ಅವರ ಎಡಗೈಯನ್ನು ವಲ್ಲಿಯ ಕೆಳಗೆ ಹಿಡಿದಳು, ಬೆರಳಿಗೊಂದು ಮಾತು ಕೊಟ್ಟಳು. ಆಟ ಅಂತ ನಿನಗೆ ಬರೆದೆ. ಆಟವಲ್ಲ, ಅವರಿಗೆ ಬಾಯಿ ಬಂದ ಹಾಗಾಯಿತು.

ನಿನ್ನ ಎರಡನೆಯ ಕಾಗದ ಬಂದ ಮೇಲೆ ಜಂಬಪ್ಪನನ್ನು ಕೇಳಿದೆ, ಸೌದಾ ಏನೆಂದು ನೀನೇ ಅವರಿಂದ ತಿಳಿದು ಹೇಳು ಅಂತ. ಅವನು ಒಪ್ಪಲಿಲ್ಲ. "ನಾ ಕೇಳಂಗಿಲ್ಲಮ್ಮ. ನೀನೂ ಬಾಯಿಲಿ ಕೇಳಬ್ಯಾಡ, ಕೈ ಇಟ್ಟು ಕೇಳು" ಅಂದ. ನಲವತ್ತಾರು ವರ್ಷ ಸಂಸಾರ ಮಾಡಿದರೂ ನಾನು ಆ ವಲ್ಲಿಯ ಕೆಳಗೆ ಕೈ ಇಟ್ಟವಳಲ್ಲ. ಒಗೆದಿದ್ದೇನೆ, ಮಡಚಿ ಹೆಗಲಿಗೆ ಹಾಕಿದ್ದೇನೆ, ಅಷ್ಟೆ. ನಿನ್ನೆ ಮಧ್ಯಾಹ್ನ ಮಂಚದ ಮೇಲೆ ಅವರ ಪಕ್ಕ ಕೂತು ಕೈ ಇಟ್ಟೆ. ಕೂಸು ಎಷ್ಟು ದಿನ ಇರತಾಳ ಅಂದೆ, ಅಂದು ಅವರ ಐದೂ ಬೆರಳನ್ನು ನಾನೇ ಒತ್ತಿದೆ. ಪೂರಾ ಇರಲಿ ಎಂಬ ಅರ್ಥದಲ್ಲಿ. ಅವರು ನನ್ನ ಕೈ ಬಿಡಿಸಿ, ನನ್ನ ಒಂದು ಬೆರಳು ಒತ್ತಿದರು. ಆಮೇಲೆ ಇನ್ನೊಂದನ್ನು ನಡುಗಿಣ್ಣಿನ ತನಕ ಮಾತ್ರ. ನಾನು ಮತ್ತೆ ಐದು ಒತ್ತಿದೆ. ಅವರು ಮತ್ತೆ ಅದೇ. ನಾನು ಅತ್ತುಬಿಟ್ಟೆ. ಅವರು ನನ್ನ ಕೈ ಬಿಡಲಿಲ್ಲ, ಆದರೆ ಲೆಕ್ಕವನ್ನೂ ಬದಲಿಸಲಿಲ್ಲ.

ದೊಡ್ಡವರು ಬಿಚ್ಚಿದ್ದಾರೆಂದು ಖಾತ್ರಿಯಾದ ಮೇಲೆ ಭುವನಾ ಬಾಯಿಬಿಟ್ಟಳು. "ಒಂದೂವರಿ ತಿಂಗಳು, ಅಜ್ಜಿ. ಬ್ಯಾಸಗಿಗೆ ಒಂದು, ದಸರಾಕ್ಕ ಅರ್ಧ. ವರ್ಷಾ ಬರಬೇಕು. ನಾನು ಹನ್ನೆರಡರಿಂದ ಸುರು ಮಾಡಿದ್ದೆ, ತಾತ ಏರಲೇ ಇಲ್ಲ." ಮದುವೆಯ ವಿಷಯವನ್ನು ಅವಳು ವಲ್ಲಿ ಹೊದ್ದು ತಾತನಿಗೆ ಆಗಲೇ ಹೇಳಿದ್ದಳಂತೆ. ನಾನು ವಾಪಸ್ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ, ನಾನು ಹೋದರೆ ನಿನ್ನ ಮಾತು ಯಾರು ಕೇಳುತ್ತಾರೆ ಎಂದು ಹಟ ಹಿಡಿದಿದ್ದಳಂತೆ. ಅವರು ಅವಳನ್ನು ಹನ್ನೆರಡರಿಂದ ಒಂದೂವರೆಗೆ ಇಳಿಸಿ ಕಳಿಸುತ್ತಿದ್ದಾರೆ. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ, ಅವರೂ ನನ್ನ ಹಾಗೆ ಅವಳನ್ನು ಹಿಡಿದುಕೊಳ್ಳುತ್ತಿದ್ದಾರೆ ಎಂದು ತಿಳಿದಿದ್ದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಶಾಲೆಯ ಅರ್ಜಿ ತಂದದ್ದು ಅವಳಿಗಾಗಿ ಅಲ್ಲ. ನನಗೆ ಅರವತ್ತೇಳು. ಅವರನ್ನು ಎತ್ತಿ ಕೂರಿಸಿ ಸೊಂಟ ಹೋಗಿದೆ. ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತದೆ. ಅವಳು ಅವರ ಹತ್ತಿರ ಕೂತರೆ ನಾನು ಒಂದು ಗಂಟೆ ಮಲಗಬಹುದು, ಆ ಒಂದು ಗಂಟೆಗಾಗಿ ಎಂಟು ವರ್ಷದ ಮಗುವನ್ನು ತಾಯಿಯಿಂದ ಬಿಡಿಸಿ ಮನೆಯಲ್ಲಿ ಇಟ್ಟುಕೊಳ್ಳಲು ಹೊರಟಿದ್ದೆ. ಮೊಮ್ಮಗಳ ಮೇಲಿನ ಪ್ರೀತಿ ಅಂತ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇದೆ, ಇಲ್ಲವೆಂದಲ್ಲ. ಅದರ ಕೆಳಗೆ ಇದೂ ಇತ್ತು.

ಇಪ್ಪತ್ತೆಂಟಕ್ಕೆ ಬನ್ನಿ. ಇಬ್ಬರೂ ಊಟಕ್ಕೆ ಬನ್ನಿ. ಬ್ಯಾಗು ತಯಾರಿರುತ್ತದೆ.

ಪಂಪಮ್ಮ


ಧಾರವಾಡ
೮-೬-೨೦೨೫

ಅತ್ತೆಯವರಿಗೆ ಶರಣು.

ಎರಡನೇ ತಾರೀಖು ಸಹಿ ಆಯಿತು. ಭುವನಾ ಹಸಿರು ಫ್ರಾಕು ಹಾಕಿಕೊಂಡು ನಮ್ಮಿಬ್ಬರ ನಡುವೆ ನಿಂತಿದ್ದಳು. ಸಂಜೆ ಮಾತ್ರ ಸ್ವಲ್ಪ ಅತ್ತಳು, ಅಪ್ಪನ ಫೋಟೋ ಹೊಸ ಮನೆಯಲ್ಲಿ ಎಲ್ಲಿ ಇಡುವುದು ಎಂದು. ನಡುಮನೆಯಲ್ಲೇ ಇಟ್ಟಿದ್ದೇವೆ. ಮೊಳೆ ಹೊಡೆದವರು ಜಗದೀಶರೇ.

ನಿಮ್ಮ ಮನೆಯಲ್ಲಿ ನಾನು ಮಾವನವರನ್ನು ನೋಡಿದವಳೇ ಅಡುಗೆಮನೆಗೆ ಬಂದುಬಿಟ್ಟೆ. ಎಷ್ಟೋ ಜನ ಲಕ್ವ ಹೊಡೆದವರನ್ನು ವಾರ್ಡಿನಲ್ಲಿ ಎತ್ತಿ ಕೂರಿಸಿದ್ದೇನೆ, ಅಲ್ಲಿ ಮಾತ್ರ ಅವರ ಹತ್ತಿರ ಹೋಗಲು ಆಗಲಿಲ್ಲ. ನೀವು ಬೆನ್ನ ಮೇಲೆ ಕೈಯಿಟ್ಟಿರಿ. ನಾಲ್ಕು ವರ್ಷದಲ್ಲಿ ನೀವು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಸೊಂಟದ ಬೆಲ್ಟನ್ನು ಬೇರೆ ಕಳಿಸಿದ್ದೇನೆ, ಮಡಚಿ ಇಡಬೇಡಿ, ಕಟ್ಟಿಕೊಳ್ಳಿ. ಬೆಳಿಗ್ಗೆ ಹೊತ್ತು ಬಂದು ಅವರನ್ನು ಎತ್ತಲು ನಾವು ಅಂದು ಮಾತಾಡಿದ್ದ ಕೆಲಸದ ಹೆಂಗಸು ಗಿಡ್ಡಮ್ಮ ಒಪ್ಪಿದಳೇ, ತಿಳಿಸಿ. ಎತ್ತುವ ಬಗೆಯನ್ನು ದಸರೆಗೆ ಬಂದಾಗ ಇಬ್ಬರಿಗೂ ತೋರಿಸಿಕೊಡುತ್ತೇನೆ.

ಇನ್ನೊಂದು ವಿಷಯ. ಹೊರಡುವಾಗ ಮಾವನವರು ಇವರನ್ನು ಕರೆದು ವಲ್ಲಿಯ ಕೆಳಗೆ ಕೈ ತೆಗೆದುಕೊಂಡರಲ್ಲ, ಅದು ಏನೆಂದು ಇವರಿಗೆ ಇಂದಿಗೂ ತಿಳಿದಿಲ್ಲ. ಐದೂ ಬೆರಳು ಸೇರಿಸಿ ಒತ್ತಿದರಂತೆ, ಆಮೇಲೆ ಇವರ ಮುಷ್ಟಿಯನ್ನು ಮುಚ್ಚಿ ಅದರ ಮೇಲೆ ತಮ್ಮ ಅಂಗೈ ಇಟ್ಟರಂತೆ. ಇವರು ಏನು ಮಾಡಬೇಕೆಂದು ತೋಚದೆ ತಾವೂ ಗಟ್ಟಿಯಾಗಿ ಹಿಡಿದರಂತೆ. ಮಾವನವರು ಆತು ಎಂದರು, ಅದು ನನಗೂ ಕೇಳಿಸಿತು. ಯಾವುದಕ್ಕೆ ಒಪ್ಪಿಬಂದೆನೋ ಗೊತ್ತಿಲ್ಲ, ಕೊಟ್ಟ ಕೈ ಹಿಂದೆ ತೆಗೆಯುವ ಹಾಗೂ ಇಲ್ಲವಂತಲ್ಲ ಎಂದು ದಿನಾ ಒಮ್ಮೆಯಾದರೂ ಹೇಳುತ್ತಾರೆ. ಭುವನಾಳನ್ನು ಕೇಳಿದರೆ ಕೇಳಬಾರದು ಎಂದು ಎದ್ದುಹೋಗುತ್ತಾಳೆ. ನಿಮಗೆ ತಿಳಿದರೆ ಬರೆಯಿರಿ.

ಶಿವಲೀಲಾ


ಆದೋನಿ
೧೬-೬-೨೦೨೫

ಚಿ. ಸೌ. ಶಿವಲೀಲಾಳಿಗೆ ಪಂಪಮ್ಮನ ಆಶೀರ್ವಾದ.

ಬೆಲ್ಟು ಬಂತು. ಕಟ್ಟಿಕೊಂಡರೆ ಉಸಿರು ಕಟ್ಟುತ್ತದೆ, ಬಿಚ್ಚಿದರೆ ಸೊಂಟ ಹಿಡಿಯುತ್ತದೆ. ಗಿಡ್ಡಮ್ಮ ಬರುತ್ತಿದ್ದಾಳೆ. ಬಾಯಿ ಬಹಳ, ಆದರೆ ಕೈಯಲ್ಲಿ ಬಲವಿದೆ. ಭುವನಾಳ ಪಟ್ಟಿಯನ್ನು ನಾನು ಎಂಟರ ತನಕ ಕಲಿತಿದ್ದೇನೆ. ಆರಕ್ಕೂ ಏಳಕ್ಕೂ ಇನ್ನೂ ತಪ್ಪುತ್ತೇನೆ. ಮೊನ್ನೆ ಅವರು ಫ್ಯಾನು ಹಾಕು ಎಂದರೆ ನಾನು ಬಾಗಿಲು ಮುಚ್ಚಿ ಬಂದೆ. ಅವರು ನಕ್ಕರು. ಮನೆ ಬಹಳ ಸುಮ್ಮನಿದೆ, ಅದಕ್ಕೆ ಬೆಲ್ಟು ಏನು ಮಾಡೀತು.

ನೀನು ಕೇಳಿದ್ದಕ್ಕೆ ಉತ್ತರ. ನಾನು ವಲ್ಲಿಯ ಕೆಳಗೆ ಕೈಯಿಟ್ಟು ಕೇಳಿದೆ. ಅವರು ಜಗದೀಶನ ಕೈಗೆ ಮಾಡಿದ್ದನ್ನೇ ನನ್ನ ಕೈಗೂ ಮಾಡಿದರು. ನನಗೆ ತಿಳಿಯಲಿಲ್ಲ. ಐದು ಎಂದರೆ ನನಗೆ ಪೂರಾ ಇಟ್ಟುಕೊಳ್ಳುವುದು, ಅದು ಬಿಟ್ಟು ಬೇರೆ ಗೊತ್ತಿಲ್ಲ. ಆಮೇಲೆ ಜಂಬಪ್ಪನನ್ನು ಕೇಳಿದೆ, ನಮ್ಮ ಮಾತು ಎತ್ತದೆ, ಮಾರ್ಕೆಟ್ಟಿನಲ್ಲಿ ಹೀಗೆ ಐದೂ ಒತ್ತಿ ಎದುರಿನವನ ಮುಷ್ಟಿ ಮುಚ್ಚಿದರೆ ಏನು ಅರ್ಥ ಅಂತ. ಅವನು, "ತೂಕ ನಿಮ್ಮದೇ ಅಂತ, ಅಮ್ಮ. ನಾನು ತಕ್ಕಡಿ ಹತ್ರ ನಿಂದ್ರಂಗಿಲ್ಲ, ನೀವು ತೂಗಿದ್ದೇ ಖರೆ. ನಮ್ಮ ಧಣಿ ನಲವತ್ತು ವರ್ಷದಾಗ ಇಬ್ಬರಿಗೇ ಆ ಕೈ ಕೊಟ್ಟಿದ್ದು" ಅಂದ.

ಇದನ್ನು ಜಗದೀಶನಿಗೆ ಓದಿ ಹೇಳು. ಅವನು ಯಾವುದಕ್ಕೆ ಕೈ ಕೊಟ್ಟನೋ ಅವನಿಗೆ ತಿಳಿಯಬೇಕು. ಇನ್ನು ನನ್ನ ಮಾತನ್ನೂ ಹೇಳು. ನನ್ನ ಗಂಡನಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ. ನಾನು ತಕ್ಕಡಿಯ ಹತ್ತಿರವೇ ನಿಂತಿರುತ್ತೇನೆ.

ಪಂಪಮ್ಮ